ಆರ್‌ವಿ ಪ್ರಯಾಣದಲ್ಲಿ ಚಾಲಕನ ಎಚ್ಚರ: ಒಂದು ಸಮೀಕ್ಷೆ

ಮಲಗಲು ಮಂಚ, ಅಡುಗೆಗೆ ಒಲೆ, ನೀರಿನ ಟ್ಯಾಂಕು, ಶೌಚಾಲಯ ಇವೆಲ್ಲವನ್ನೂ ಒಡಲಲ್ಲಿಟ್ಟುಕೊಂಡು ಹೆದ್ದಾರಿಯಲ್ಲಿ ಸಾಗುವ ವಿಹಾರದ ವಾಹನಗಳನ್ನು ಅಮೆರಿಕ ಮತ್ತು ಕೆನಡಾಗಳಲ್ಲಿ ಒಟ್ಟಾಗಿ ಆರ್‌ವಿ ಎಂದು ಕರೆಯುತ್ತಾರೆ. 1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪಿಯರ್ಸ್-ಆ್ಯರೋ ಕಂಪನಿಯು ಪ್ರದರ್ಶಿಸಿದ ಟೂರಿಂಗ್ ಲ್ಯಾಂಡೋ ಈ ಬಗೆಯ ವಾಹನಗಳ ಪೂರ್ವಜರಲ್ಲಿ ಒಂದು. 1956ರ ಫೆಡರಲ್ ಹೆದ್ದಾರಿ ಕಾಯ್ದೆಯಿಂದ ಅಂತರರಾಜ್ಯ ಹೆದ್ದಾರಿಗಳ ಜಾಲ ಹಬ್ಬಿತು. 1966ರಲ್ಲಿ ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯ ವಿನ್ನೆಬೇಗೊ ಕಾರ್ಖಾನೆ ಮೋಟಾರ್‌ಹೋಮ್‌ಗಳ ತಯಾರಿಕೆಗೆ ತೊಡಗಿತು. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪ್ರದೇಶ ಈ ಉದ್ಯಮದ ರಾಜಧಾನಿಯೆನಿಸಿತು. ಹೀಗೆ ಒಂದು ಕಾಲಕ್ಕೆ ಸಿರಿವಂತರ ಹವ್ಯಾಸವಾಗಿದ್ದ ಈ ಪ್ರಯಾಣ ಇಂದು ನಿವೃತ್ತ ದಂಪತಿಗಳಿಂದ ಹಿಡಿದು ಬೇಸಿಗೆ ರಜೆಯಲ್ಲಿ ವಾಹನವನ್ನು ಬಾಡಿಗೆಗೆ ಪಡೆಯುವ ಎಳೆಯ ಕುಟುಂಬಗಳವರೆಗೆ ಎಲ್ಲರ ಕೈಗೆಟುಕಿದೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳೂ ಊರಿನಿಂದ ಬಂದ ತಂದೆತಾಯಿಯರನ್ನು ಕೂರಿಸಿಕೊಂಡು ಯೆಲ್ಲೋಸ್ಟೋನ್ ಅಥವಾ ಗ್ರ್ಯಾಂಡ್ ಕ್ಯಾನ್ಯನ್ ತೋರಿಸಲು ಇದೇ ವಾಹನವನ್ನು ಆರಿಸಿಕೊಳ್ಳುವುದುಂಟು.

ಇಂಥ ಪ್ರಯಾಣದ ಸುರಕ್ಷತೆಯನ್ನು ಕುರಿತ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಒಂದು ಅಸಮತೋಲನ ಕಾಣುತ್ತದೆ. ಟೈರು, ಬ್ರೇಕು, ಗ್ಯಾಸು, ಬ್ಯಾಟರಿಗಳಿಗೆ ಪುಟಗಟ್ಟಲೆ ಜಾಗ ಸಿಗುತ್ತದೆ. ಚಾಲಕನ ಎಚ್ಚರಕ್ಕೆ ಮಾತ್ರ ‘ನಿದ್ದೆ ಬಂದರೆ ನಿಲ್ಲಿಸಿ’ ಎಂಬ ಒಂದು ಸಾಲು ಮೀಸಲಾಗುತ್ತದೆ. ನಿದ್ರಾವಿಜ್ಞಾನದ ಕಳೆದ ನಾಲ್ಕು ದಶಕಗಳ ತಿಳಿವಳಿಕೆಯನ್ನು ಹೆದ್ದಾರಿಯ ಅನುಭವದೊಡನೆ ಜೋಡಿಸಿ ನೋಡಿದಾಗ ಈ ಒಂದು ಸಾಲು ಸಾಲದು ಎಂಬುದು ಸ್ಪಷ್ಟವಾಗುತ್ತದೆ. ಸ್ಟೇರಿಂಗ್ ಹಿಡಿದವನ ಎಚ್ಚರದ ಬಹುಪಾಲು ಅವನು ಹೊರಡುವ ಮುನ್ನವೇ ನಿರ್ಧಾರವಾಗಿರುತ್ತದೆ. ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದ, ದಿನಕ್ಕೆ ಎಷ್ಟು ದೂರ ಗೊತ್ತುಮಾಡಿಕೊಂಡಿದ್ದಾನೆ, ಎಷ್ಟು ಗಂಟೆಗೆ ನಿಲ್ಲಿಸಬೇಕೆಂದಿದ್ದಾನೆ, ವಾಹನಕ್ಕೆ ಎಷ್ಟು ಭಾರ ಹೇರಿದ್ದಾನೆ ಎಂಬ ನಿರ್ಧಾರಗಳೇ ಅಪಾಯದ ಗಳಿಗೆಯಲ್ಲಿ ಅವನ ಕಣ್ಣು ತೆರೆದಿರುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತವೆ. ಈ ಲೇಖನ ಆ ನಿರ್ಧಾರಗಳನ್ನು ಒಂದೊಂದಾಗಿ ಪರಿಶೀಲಿಸುತ್ತದೆ.

ವಾಹನದ ಬಗೆಗಳು ಮತ್ತು ಚಾಲಕನ ಮೇಲಿನ ಹೊರೆ

ಆರ್‌ವಿಗಳಲ್ಲಿ ತಾನೇ ಓಡುವ ಬಗೆ ಮತ್ತು ಎಳೆಸಿಕೊಂಡು ಹೋಗುವ ಬಗೆ ಎಂದು ಎರಡು ಮುಖ್ಯ ವಿಭಾಗಗಳಿವೆ. ಮೊದಲನೆಯದು ಮೋಟಾರ್‌ಹೋಮ್. ಇದರಲ್ಲಿ ಬಸ್ಸಿನಷ್ಟು ದೊಡ್ಡದಾದ ‘ಎ’ ವರ್ಗ, ವ್ಯಾನಿನ ಒಳಗನ್ನೇ ಮನೆಯಾಗಿ ಮಾರ್ಪಡಿಸಿದ ‘ಬಿ’ ವರ್ಗ, ಚಾಲಕನ ತಲೆಯ ಮೇಲೆ ಚಾಚಿಕೊಂಡ ಮಲಗುವ ಅಟ್ಟವಿರುವ ‘ಸಿ’ ವರ್ಗ ಎಂಬ ಮೂರು ಪಂಗಡಗಳಿದ್ದು, ಬಾಡಿಗೆಗೆ ಸಿಗುವವುಗಳಲ್ಲಿ ‘ಸಿ’ ವರ್ಗದವೇ ಹೆಚ್ಚು. ಎರಡನೆಯದು ಟ್ರೇಲರ್. ಕಾರು ಅಥವಾ ಪಿಕಪ್ ಟ್ರಕ್ಕಿನ ಹಿಂಬದಿಯ ಕೊಂಡಿಗೆ ಸಿಕ್ಕಿಸಿಕೊಳ್ಳುವ ಸಾಮಾನ್ಯ ಟ್ರೇಲರ್ ಒಂದಾದರೆ, ಟ್ರಕ್ಕಿನ ತೊಟ್ಟಿಯ ನಡುವೆ ಕೂರಿಸಿದ ಕೊಂಡಿಯ ಮೇಲೆ ಭಾರ ಬಿಡುವ, ‘ಫಿಫ್ತ್ ವ್ಹೀಲ್’ ಎಂದು ಕರೆಯುವ ದೊಡ್ಡ ಟ್ರೇಲರ್ ಇನ್ನೊಂದು.

ಇವುಗಳ ಗಾತ್ರವನ್ನು ನೋಡಿದವರು ವಿಶೇಷ ಪರವಾನಗಿ ಬೇಕಾಗಬಹುದೆಂದು ಊಹಿಸುವುದು ಸಹಜ. ಆದರೆ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸ್ವಂತ ಬಳಕೆಯ ಸಾಧಾರಣ ಗಾತ್ರದ ಆರ್‌ವಿಗೆ ಕಾರಿನ ಪರವಾನಗಿಯೇ ಸಾಕು. ಕ್ಯಾಲಿಫೋರ್ನಿಯಾದಲ್ಲಿ 40 ಅಡಿಗಿಂತ ಉದ್ದದ ಮೋಟಾರ್‌ಹೋಮ್ ಓಡಿಸಲು ಮೇಲ್ದರ್ಜೆಯ ಪರವಾನಗಿ ಬೇಕೆಂಬಂಥ ನಿಯಮಗಳು ಕೆಲವು ಕಡೆ ಮಾತ್ರ ಇವೆ. ಇದರ ಫಲವಾಗಿ, ನಿನ್ನೆಯವರೆಗೆ ಸಣ್ಣ ಕಾರು ಓಡಿಸಿದವನು ಇಂದು ಐದು ಟನ್ ತೂಕದ, 25ರಿಂದ 30 ಅಡಿ ಉದ್ದದ ವಾಹನವನ್ನು ಅರ್ಧ ಗಂಟೆಯ ವಿವರಣೆ ಕೇಳಿ ಹೆದ್ದಾರಿಗೆ ಇಳಿಸಬಹುದು. ನಿಲ್ಲಲು ಹೆಚ್ಚು ದೂರ ಬೇಕು, ತಿರುವಿನಲ್ಲಿ ಹಿಂಬದಿ ಹೊರಕ್ಕೆ ಬೀಸುತ್ತದೆ, ಕನ್ನಡಿಗೆ ಕಾಣದ ಕುರುಡು ಜಾಗಗಳು ಹಲವು, ಪಕ್ಕದಲ್ಲಿ ಲಾರಿ ಹಾದಾಗ ಗಾಳಿ ಒಮ್ಮೆ ನೂಕಿ ಇನ್ನೊಮ್ಮೆ ಎಳೆಯುತ್ತದೆ. ಇವೆಲ್ಲವನ್ನೂ ಗಮನಿಸುತ್ತ ಕ್ಷಣಕ್ಷಣವೂ ಸ್ಟೇರಿಂಗ್ ತಿದ್ದುತ್ತಿರಬೇಕಾದ್ದರಿಂದ ಕಾರಿನಲ್ಲಿ ನಾಲ್ಕು ಗಂಟೆಯಲ್ಲಿ ಬರುವ ದಣಿವು ಇಲ್ಲಿ ಅದಕ್ಕೂ ಮೊದಲೇ ಬರುತ್ತದೆ. ಆದ್ದರಿಂದ ಆರ್‌ವಿ ಚಾಲಕನ ಎಚ್ಚರದ ಪ್ರಶ್ನೆಯನ್ನು ಕಾರಿನ ಲೆಕ್ಕದಲ್ಲಿ ಅಳೆಯಲಾಗದು.

ನಿದ್ದೆಯ ಎರಡು ಒತ್ತಡಗಳು

ಮನುಷ್ಯನಿಗೆ ನಿದ್ದೆ ಏಕೆ, ಯಾವಾಗ ಬರುತ್ತದೆ ಎಂಬುದಕ್ಕೆ 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ ಮಂಡಿಸಿದ ವಿವರಣೆ ಇಂದಿಗೂ ಆಧಾರವಾಗಿದೆ. ಅದರ ಪ್ರಕಾರ ನಿದ್ದೆಯನ್ನು ಎರಡು ಶಕ್ತಿಗಳು ಆಳುತ್ತವೆ. ಒಂದು, ಎಚ್ಚರವಾಗಿ ಕಳೆದ ಪ್ರತಿ ಗಂಟೆಯೊಂದಿಗೆ ಏರುತ್ತ ಹೋಗುವ ನಿದ್ದೆಯ ಒತ್ತಡ. ಮೆದುಳಿನಲ್ಲಿ ಶೇಖರವಾಗುವ ಅಡೆನೊಸಿನ್ ಎಂಬ ರಾಸಾಯನಿಕಕ್ಕೂ ಇದಕ್ಕೂ ನಿಕಟ ಸಂಬಂಧವಿದೆ. ಇನ್ನೊಂದು, ಹಗಲಿರುಳಿನ ಲಯಕ್ಕೆ ಹೊಂದಿಕೊಂಡು ನಡೆಯುವ ದೇಹದ ಒಳಗಡಿಯಾರ. ಈ ಗಡಿಯಾರದ ಲಯದಲ್ಲಿ ನಡುರಾತ್ರಿ ಕಳೆದು ಬೆಳಗಿನ ಜಾವದವರೆಗಿನ ಅವಧಿ ಎಚ್ಚರದ ಅತ್ಯಂತ ಕೆಳಗಿನ ಮಟ್ಟವಾಗಿದ್ದು, ಮಧ್ಯಾಹ್ನ 2ರಿಂದ 4ರ ನಡುವೆ ಇನ್ನೊಂದು ಸಣ್ಣ ಇಳಿತ ಇರುತ್ತದೆ. ಊಟದ ನಂತರ ಬರುವ ಜೋಂಪಿಗೆ ಹೊಟ್ಟೆಯೊಂದೇ ಕಾರಣವೆಂದು ಜನ ನಂಬಿದ್ದರೂ ಊಟ ಮಾಡದಿದ್ದವರಲ್ಲೂ ಈ ಇಳಿತ ಕಾಣಿಸಿಕೊಳ್ಳುವುದುಂಟು. ಭಾರಿ ಊಟ ಅದನ್ನು ಹೆಚ್ಚಿಸುತ್ತದೆ.

ನಿದ್ದೆಗೇಡಿನ ಪರಿಣಾಮವನ್ನು ಜನರಿಗೆ ಪರಿಚಿತವಾದ ಅಳತೆಗೆ ತಂದವರಲ್ಲಿ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಪ್ರಮುಖರು. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, 17 ಗಂಟೆ ನಿದ್ದೆಯಿಲ್ಲದೆ ಇದ್ದವರ ಕೈ–ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಮದ್ಯಸಾರ ಇರುವವರ ಮಟ್ಟಕ್ಕೆ ಕುಸಿಯಿತು. 24 ಗಂಟೆಯ ಹೊತ್ತಿಗೆ ಅದು ಸುಮಾರು ಶೇ. 0.10ರ ಮಟ್ಟ ತಲುಪಿತು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮದ್ಯದ ಕಾನೂನು ಮಿತಿ ಶೇ. 0.08, ಯೂಟಾ ರಾಜ್ಯದಲ್ಲಿ ಶೇ. 0.05, ಭಾರತದಲ್ಲಿ ಶೇ. 0.03. ಬೆಳಿಗ್ಗೆ 6ಕ್ಕೆ ಎದ್ದವನು ರಾತ್ರಿ 11ರ ಹೊತ್ತಿಗೆ 17 ಗಂಟೆ ದಾಟಿರುತ್ತಾನೆ ಎಂಬ ಸರಳ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟರೆ, ಕುಡಿದು ಓಡಿಸಲು ಎಂದೂ ಒಪ್ಪದ ಸಜ್ಜನರೂ ಎಷ್ಟು ಸುಲಭವಾಗಿ ಅದೇ ಸ್ಥಿತಿಗೆ ಜಾರಬಲ್ಲರು ಎಂಬುದು ಅರಿವಾಗುತ್ತದೆ. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತದ ಅಂದಾಜಿನಂತೆ 2017ರಲ್ಲಿ ಪೊಲೀಸ್ ದಾಖಲೆಗೆ ಬಂದ ಸುಮಾರು 91,000 ಅಪಘಾತಗಳಲ್ಲಿ ನಿದ್ದೆಗಣ್ಣಿನ ಚಾಲಕರಿದ್ದರು. ನಿದ್ದೆಯನ್ನು ಅಳೆಯಲು ಮದ್ಯಕ್ಕಿರುವಂತೆ ಉಸಿರಿನ ಪರೀಕ್ಷೆಯಿಲ್ಲದ ಕಾರಣ ನಿಜವಾದ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚಿರಬೇಕೆಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ಸಂಚಾರ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ಎಎಎ ಪ್ರತಿಷ್ಠಾನ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹಿಂದಿನ 24 ಗಂಟೆಗಳಲ್ಲಿ ನಾಲ್ಕೈದು ಗಂಟೆ ಮಾತ್ರ ಮಲಗಿದ ಚಾಲಕರ ಅಪಘಾತದ ಸಂಭವ ಏಳು ಗಂಟೆ ಅಥವಾ ಹೆಚ್ಚು ಮಲಗಿದವರಿಗಿಂತ ನಾಲ್ಕು ಪಟ್ಟಿಗೂ ಮಿಗಿಲು.

ಇಲ್ಲಿ ಅತ್ಯಂತ ಅಪಾಯಕಾರಿಯಾದುದು ಕಿರುನಿದ್ದೆ, ಎಂದರೆ ಮೆದುಳು ಕೆಲವೇ ಸೆಕೆಂಡು ಕಾಲ ತಾನೇ ತಾನಾಗಿ ನಿದ್ದೆಗೆ ಜಾರುವ ಸ್ಥಿತಿ. ಇದು ನಡೆಯುವಾಗ ಕಣ್ಣು ಅರೆತೆರೆದೇ ಇರಬಹುದು, ಕೈ ಸ್ಟೇರಿಂಗ್ ಮೇಲೆಯೇ ಇರಬಹುದು. ಎಚ್ಚೆತ್ತವನಿಗೆ ತಾನು ಮಲಗಿದ್ದೆನೆಂಬ ನೆನಪೂ ಉಳಿಯದಿರಬಹುದು. ಗಂಟೆಗೆ 105 ಕಿ.ಮೀ. ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ 29 ಮೀಟರ್ ಸಾಗುತ್ತದೆಂದರೆ, ನಾಲ್ಕು ಸೆಕೆಂಡಿನ ಕಿರುನಿದ್ದೆಯಲ್ಲಿ ಐದು ಟನ್ ತೂಕದ ಮನೆ ನೂರು ಮೀಟರಿಗೂ ಹೆಚ್ಚು ದೂರ ಚಾಲಕನಿಲ್ಲದೆಯೇ ಓಡಿರುತ್ತದೆ. ಯೂಟಾ ರಾಜ್ಯದ ಉಪ್ಪಿನ ಬಯಲಿನಲ್ಲಿ, ನೆಬ್ರಾಸ್ಕದ ಜೋಳದ ಹೊಲಗಳ ನಡುವೆ ಇಂಟರ್‌ಸ್ಟೇಟ್ 80 ಹೆದ್ದಾರಿ ತಿರುವಿಲ್ಲದೆ ಚಾಚಿಕೊಂಡಿರುವ ಕಡೆಗಳಲ್ಲಿ ಈ ಸ್ಥಿತಿ ಇನ್ನಷ್ಟು ಸುಲಭವಾಗಿ ಕವಿಯುತ್ತದೆ. ಏಕೆಂದರೆ ನೋಟದಲ್ಲಿ ಬದಲಾವಣೆಯಿಲ್ಲದ ರಸ್ತೆ ಮೆದುಳಿಗೆ ಎಚ್ಚರವಾಗಿರಲು ಯಾವ ಕಾರಣವನ್ನೂ ಒದಗಿಸುವುದಿಲ್ಲ.

ರೂಢಿಯ ಉಪಾಯಗಳ ಪರೀಕ್ಷೆ

ಕಿಟಕಿ ಇಳಿಸಿ ತಣ್ಣನೆಯ ಗಾಳಿಗೆ ಮುಖ ಒಡ್ಡುವುದು, ಹಾಡಿನ ದನಿ ಏರಿಸುವುದು, ಮುಖಕ್ಕೆ ನೀರು ಚಿಮುಕಿಸುವುದು, ಚೂಯಿಂಗ್ ಗಮ್ ಜಗಿಯುವುದು ಮುಂತಾದ ಉಪಾಯಗಳು ಜಗತ್ತಿನೆಲ್ಲೆಡೆ ಚಾಲಕರ ಬಾಯಲ್ಲಿವೆ. ಬ್ರಿಟನ್ನಿನ ಲಫ್ಬರೊ ವಿಶ್ವವಿದ್ಯಾಲಯದ ಲೂಯಿಸ್ ರೇನರ್ ಮತ್ತು ಜಿಮ್ ಹಾರ್ನ್ ಇವುಗಳಲ್ಲಿ ತಣ್ಣನೆಯ ಗಾಳಿ ಮತ್ತು ರೇಡಿಯೊಗಳನ್ನು 1990ರ ದಶಕದಲ್ಲಿ ಪ್ರಯೋಗಕ್ಕೆ ಒಡ್ಡಿ, ಅವುಗಳ ಪ್ರಯೋಜನ ಅಲ್ಪಕಾಲಿಕವೆಂದು, ಹೆಚ್ಚೆಂದರೆ ನಿಲ್ಲಿಸಲು ಸುರಕ್ಷಿತ ಸ್ಥಳ ಹುಡುಕುವಷ್ಟು ಸಮಯ ಕೊಡುತ್ತವೆಂದು ತೋರಿಸಿದರು. ಅದೇ ಸಂಶೋಧಕರು ಪರೀಕ್ಷಿಸಿದ ಇನ್ನೊಂದು ಕ್ರಮ ಹೆಚ್ಚು ಫಲಕಾರಿಯೆನಿಸಿತು: ವಾಹನ ನಿಲ್ಲಿಸಿ ಗಟ್ಟಿ ಕಾಫಿ ಕುಡಿದು, ಕೂಡಲೇ ಹದಿನೈದು ನಿಮಿಷದ ಒಳಗಿನ ಒಂದು ಸಣ್ಣ ನಿದ್ದೆ ತೆಗೆಯುವುದು. ಕೆಫೀನು ಅಡೆನೊಸಿನ್ನಿನ ಕೆಲಸಕ್ಕೆ ತಡೆಯೊಡ್ಡುತ್ತದೆ, ಆದರೆ ಅದು ರಕ್ತಕ್ಕೆ ಸೇರಿ ಪೂರ್ತಿ ಪ್ರಭಾವ ಬೀರಲು ಸುಮಾರು ಅರ್ಧ ಗಂಟೆ ಹಿಡಿಯುವುದರಿಂದ, ಆ ನಡುವಿನ ಹೊತ್ತನ್ನು ನಿದ್ದೆಗೆ ಬಳಸಿದರೆ ಎರಡರ ಲಾಭವೂ ಒಟ್ಟಿಗೆ ದೊರೆಯುತ್ತದೆ. ಇನ್ನೂ ಹೆಚ್ಚು ಹೊತ್ತು ಮಲಗಿ ಗಾಢ ನಿದ್ದೆಗೆ ಇಳಿದವರು ಎದ್ದ ಕೂಡಲೇ ಹೊರಡಬಾರದು. ಎದ್ದ ಮೇಲೂ ಕೆಲಕಾಲ ಉಳಿಯುವ ಮಂಪರು ಕಳೆಯುವವರೆಗೆ ಇಳಿದು ಓಡಾಡಬೇಕು. ಕಾಫಿ ನಿದ್ದೆಯ ಸಾಲವನ್ನು ತೀರಿಸುವುದಿಲ್ಲ, ವಾಯಿದೆಯನ್ನು ಮಾತ್ರ ಸ್ವಲ್ಪ ಮುಂದೂಡುತ್ತದೆ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಈ ವಿಷಯದಲ್ಲಿ ಆರ್‌ವಿ ಚಾಲಕನಿಗೆ ಇತರರಿಗಿಲ್ಲದ ಅನುಕೂಲವಿದೆ. ಕಾರಿನವನು ಸೀಟನ್ನು ಹಿಂದಕ್ಕೆ ಬಾಗಿಸಿ ಮುದುರಿಕೊಳ್ಳಬೇಕು, ಬೈಕಿನವನಿಗೆ ಅದೂ ಇಲ್ಲ. ಆರ್‌ವಿಯಲ್ಲಾದರೋ ಹಾಸಿದ ಮಂಚ ಹತ್ತು ಹೆಜ್ಜೆ ಹಿಂದೆಯೇ ಇರುತ್ತದೆ. ಆದರೂ ‘ಕ್ಯಾಂಪಿಗೆ ಇನ್ನು ಒಂದು ಗಂಟೆ ಮಾತ್ರ’ ಎಂಬ ಲೆಕ್ಕ ಹೆಚ್ಚಿನವರನ್ನು ನಿಲ್ಲಿಸಗೊಡುವುದಿಲ್ಲ. ಹಿಂದಿನ ಕೆಲವು ಕಿಲೊಮೀಟರ್ ಹೇಗೆ ಬಂದೆವೆಂಬುದು ನೆನಪಿಗೆ ಬರದಿರುವುದು, ಇಳಿಯಬೇಕಾದ ಕವಲು ತಪ್ಪುವುದು, ಮೇಲಿಂದ ಮೇಲೆ ಆಕಳಿಕೆ, ಲೇನಿನ ಗೆರೆಯ ಮೇಲೆ ಚಕ್ರ ಹತ್ತುವುದು, ರಸ್ತೆಯಂಚಿನಲ್ಲಿ ಕೊರೆದ ಗೀರುಗಳ ಗಡಗಡ ಸದ್ದಿಗೆ ಬೆಚ್ಚಿಬೀಳುವುದು ಇವು ನಿಲ್ಲಿಸಬೇಕೆಂಬ ಸೂಚನೆಗಳಲ್ಲ, ಮೊದಲೇ ನಿಲ್ಲಿಸಬೇಕಾಗಿತ್ತೆಂಬ ಸಾಕ್ಷ್ಯಗಳು. ನಿದ್ದೆ ಕವಿದವನ ಮೆದುಳೇ ತನ್ನ ಸ್ಥಿತಿಗೆ ತೀರ್ಪು ಕೊಡಬೇಕಾಗಿರುವುದರಿಂದ ಆ ತೀರ್ಪನ್ನು ನಂಬಲಾಗದು. ನಿಲ್ಲುವ ಹೊತ್ತನ್ನು ತಲೆ ತಿಳಿಯಾಗಿರುವ ಬೆಳಿಗ್ಗೆಯೇ ಗೊತ್ತುಮಾಡಬೇಕು.

ದಿನದ ಮಿತಿ: ಕಾನೂನು ಇಲ್ಲದ ಕಡೆ ರೂಢಿ

ಅಮೆರಿಕದಲ್ಲಿ ಸರಕು ಲಾರಿ ಚಾಲಕರಿಗೆ ಫೆಡರಲ್ ನಿಯಮಗಳ ಬಿಗಿ ಕಟ್ಟುಪಾಡಿದೆ. ಸತತ 10 ಗಂಟೆ ವಿರಾಮದ ನಂತರ 14 ಗಂಟೆಯ ಕೆಲಸದ ಅವಧಿಯೊಳಗೆ ಗರಿಷ್ಠ 11 ಗಂಟೆ ಮಾತ್ರ ಓಡಿಸಬಹುದು. 8 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಕಡ್ಡಾಯ. ಸ್ವಂತ ವಿಹಾರಕ್ಕೆ ಹೊರಟ ಆರ್‌ವಿ ಚಾಲಕನಿಗೆ ಇಂಥ ಯಾವ ಮಿತಿಯೂ ಅನ್ವಯಿಸುವುದಿಲ್ಲ. ನ್ಯೂಜೆರ್ಸಿ ರಾಜ್ಯವು 2003ರಲ್ಲಿ ತಂದ ಕಾಯ್ದೆಯಂತೆ 24 ಗಂಟೆ ನಿದ್ದೆಯಿಲ್ಲದೆ ಓಡಿಸಿ ಸಾವಿಗೆ ಕಾರಣನಾದವನನ್ನು ಬೇಜವಾಬ್ದಾರಿಯ ಅಪರಾಧಕ್ಕೆ ಗುರಿಪಡಿಸಬಹುದಾದರೂ, ಅದು ಅನಾಹುತ ನಡೆದ ಮೇಲಿನ ಮಾತು.

ಕಾನೂನು ಬಿಟ್ಟ ಜಾಗವನ್ನು ಅನುಭವಿ ಪ್ರವಾಸಿಗರು ರೂಢಿಯಿಂದ ತುಂಬಿಕೊಂಡಿದ್ದಾರೆ. ಅವರಲ್ಲಿ ಪ್ರಚಲಿತವಾದ ‘3-3-3’ ಸೂತ್ರದ ಪ್ರಕಾರ ದಿನಕ್ಕೆ 300 ಮೈಲಿ, ಎಂದರೆ ಸುಮಾರು 480 ಕಿ.ಮೀ. ಮೀರಬಾರದು, ಮಧ್ಯಾಹ್ನ 3 ಗಂಟೆಯೊಳಗೆ ತಂಗುದಾಣ ಸೇರಬೇಕು, ಒಂದೆಡೆ ಕನಿಷ್ಠ 3 ರಾತ್ರಿ ಉಳಿಯಬೇಕು. ಮೇಲ್ನೋಟಕ್ಕೆ ಆರಾಮದ ಸಲಹೆಯಂತೆ ಕಾಣುವ ಈ ಸೂತ್ರದ ಮೂರೂ ಅಂಶಗಳು ನಿದ್ರಾವಿಜ್ಞಾನದೊಡನೆ ಚೆನ್ನಾಗಿ ಹೊಂದುತ್ತವೆ. ದೂರದ ಮಿತಿ ದಣಿವನ್ನು ಹದ್ದಿನಲ್ಲಿಡುತ್ತದೆ. ಮೂರು ಗಂಟೆಯ ಗಡುವು ಮಧ್ಯಾಹ್ನದ ಇಳಿತ ಮುಗಿಯುವ ಮುನ್ನವೇ ಚಾಲಕನನ್ನು ರಸ್ತೆಯಿಂದ ಇಳಿಸುತ್ತದೆ; ಜೊತೆಗೆ ದೊಡ್ಡ ವಾಹನವನ್ನು ಇಕ್ಕಟ್ಟಿನ ಜಾಗಕ್ಕೆ ಹಿಮ್ಮೊಗವಾಗಿ ಸರಿಸುವ ಕಷ್ಟದ ಕೆಲಸ ಹಗಲ ಬೆಳಕಿನಲ್ಲೇ ಮುಗಿಯುತ್ತದೆ, ಜಿಂಕೆ ಮತ್ತು ಎಲ್ಕ್‌ಗಳು ರಸ್ತೆ ದಾಟುವ ಮುಸ್ಸಂಜೆಯ ಹೊತ್ತೂ ತಪ್ಪುತ್ತದೆ. ಮೂರು ರಾತ್ರಿಯ ಮಾತಿಗೆ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಆಧಾರ ಒದಗಿಸುತ್ತದೆ. ಅಪರಿಚಿತ ಸ್ಥಳದ ಮೊದಲ ರಾತ್ರಿ ಮೆದುಳಿನ ಒಂದು ಅರ್ಧಗೋಳ ಇನ್ನೊಂದಕ್ಕಿಂತ ಹಗುರವಾಗಿ ನಿದ್ರಿಸುತ್ತ ಸುತ್ತಲಿನ ಸದ್ದಿಗೆ ಕಿವಿಗೊಟ್ಟಿರುತ್ತದೆಂದು ಅವರು ಕಂಡುಕೊಂಡರು. ದಿನಕ್ಕೊಂದು ಊರು ಬದಲಿಸುವವನಿಗೆ ಪ್ರತಿ ರಾತ್ರಿಯೂ ಮೊದಲ ರಾತ್ರಿಯಾಗುವ ಸಂಭವವಿದೆ ಎಂಬುದು ಇದರಿಂದ ಹೊರಡುವ ಸಹಜ ಅನುಮಾನ.

ಈ ಸೂತ್ರವನ್ನು ನಕಾಶೆಯ ಮೇಲಿಟ್ಟು ನೋಡುವುದು ಉಪಯುಕ್ತ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಿಂದ ಯೆಲ್ಲೋಸ್ಟೋನ್‌ಗೆ ಸುಮಾರು 1,500 ಕಿ.ಮೀ.; ದಿನಕ್ಕೆ 480ರಂತೆ ಹೋಗಲು ಹೆಚ್ಚುಕಡಿಮೆ ಮೂರು ದಿನ, ಬರಲು ಅಷ್ಟೇ ದಿನ ಬೇಕು. ಒಂದು ವಾರದ ರಜೆಯಲ್ಲಿ ಈ ಪ್ರವಾಸಕ್ಕೆ ಹೊರಟ ಕುಟುಂಬ ಒಂದೋ ಉದ್ಯಾನದಲ್ಲಿ ಒಂದೇ ದಿನ ಕಳೆಯಬೇಕು, ಇಲ್ಲವೇ ರಾತ್ರಿ ಓಡಿಸಬೇಕು. ಎರಡನೆಯ ದಾರಿ ಹಿಡಿಯುವವರೇ ಹೆಚ್ಚು ಅಪಾಯಕ್ಕೆ ಸಿಲುಕುವುದರಿಂದ, ಅಷ್ಟೇ ರಜೆಗೆ ಯೊಸೆಮಿಟಿ ಅಥವಾ ಕೆಂಪುಮರದ ಕಾಡುಗಳಂಥ ಹತ್ತಿರದ ಗುರಿ ಆರಿಸಿಕೊಳ್ಳುವುದೇ ವಿವೇಕ. ಪೂರ್ವಕ್ಕೆ ಹೋಗುವಾಗ ಕಾಲವಲಯ ದಾಟಿದಾಗಲೆಲ್ಲ ಗಡಿಯಾರದಲ್ಲಿ ಒಂದು ಗಂಟೆ ಕಳೆದುಹೋಗುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಭಾರತದಿಂದ ಬಂದಿಳಿದ ಕೂಡಲೇ ಆರ್‌ವಿ ಬಾಡಿಗೆಗೆ ಪಡೆಯುವವರ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕೂ ಭಾರತಕ್ಕೂ ಹನ್ನೆರಡೂವರೆ ಗಂಟೆಯ ಅಂತರವಿರುವುದರಿಂದ, ಬೆಂಗಳೂರಿನಿಂದ ಬಂದು ಮಾರನೆಯ ದಿನ ಮಧ್ಯಾಹ್ನ 2ಕ್ಕೆ ಸ್ಟೇರಿಂಗ್ ಹಿಡಿದವನ ಒಳಗಡಿಯಾರದಲ್ಲಿ ನಡುರಾತ್ರಿ ಕಳೆದು 2.30 ಆಗಿರುತ್ತದೆ. ದೇಹ ಹೊಸ ಲಯಕ್ಕೆ ಹೊಂದಿಕೊಳ್ಳುವುದು ದಿನಕ್ಕೆ ಸರಿಸುಮಾರು ಒಂದು ಗಂಟೆಯ ಪ್ರಮಾಣದಲ್ಲಿ. ಆದ್ದರಿಂದ ಮೊದಲ ವಾರವೆಲ್ಲ ಅಂಥವರು ಪ್ರಯಾಣಿಕರಾಗಿ ಕೂರುವುದೇ ಕ್ಷೇಮ.

ಎಲ್ಲಿ ನಿಲ್ಲಬೇಕು ಎಂಬುದು ಎಷ್ಟು ಹೊತ್ತಿಗೆ ನಿಲ್ಲಬೇಕು ಎಂಬುದರಷ್ಟೇ ಮುಖ್ಯ. ಹೆದ್ದಾರಿಯ ವಿಶ್ರಾಂತಿ ತಾಣಗಳ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 24 ಗಂಟೆಯಲ್ಲಿ 8 ಗಂಟೆ ಉಳಿಯಬಹುದು, ಕೆಲವು ರಾಜ್ಯಗಳಲ್ಲಿ ರಾತ್ರಿ ತಂಗಲು ಅವಕಾಶವೇ ಇಲ್ಲ. ಲಾರಿ ತಂಗುದಾಣಗಳು ಮತ್ತು ಅನುಮತಿ ಕೊಡುವ ದೊಡ್ಡ ಅಂಗಡಿಗಳ ವಾಹನ ನಿಲುಗಡೆಗಳು ಪರ್ಯಾಯಗಳು. ರಸ್ತೆಯಂಚಿನ ತುರ್ತು ಪಟ್ಟಿಯಲ್ಲಿ ಮಲಗುವುದು ಮಾತ್ರ ಎಂದಿಗೂ ಸಲ್ಲದು. ರಾತ್ರಿ ತಂಗುವ ಕಡೆ ಬೆಳಕಿರುವ ಜಾಗ ಆರಿಸುವುದು, ಬಾಗಿಲು ಭದ್ರಪಡಿಸುವುದು, ಸಂಶಯ ಬಂದರೆ ಕೂಡಲೇ ಹೊರಡಲಾಗುವಂತೆ ಚಾಲಕನ ಸೀಟಿನ ದಾರಿ ತೆರವಾಗಿಡುವುದು ಸಾಮಾನ್ಯ ಜಾಗರೂಕತೆಯ ಕ್ರಮಗಳು.

ಭಾರ, ಟೈರು ಮತ್ತು ರಸ್ತೆ

ಚಾಲಕ ಎಷ್ಟೇ ಎಚ್ಚರವಾಗಿದ್ದರೂ ತಪ್ಪಾಗಿ ಭಾರ ಹೇರಿದ ವಾಹನ ಅವನ ಎಚ್ಚರವನ್ನು ಬೇಗ ಖರ್ಚುಮಾಡಿಬಿಡುತ್ತದೆ. ಪ್ರತಿ ಆರ್‌ವಿಗೂ ತಯಾರಕರು ಗೊತ್ತುಪಡಿಸಿದ ಗರಿಷ್ಠ ಒಟ್ಟು ತೂಕವಿರುತ್ತದೆ. ಅದರಲ್ಲಿ ವಾಹನ, ಜನ, ಸಾಮಾನು, ಇಂಧನ, ನೀರು ಎಲ್ಲವೂ ಸೇರುತ್ತವೆ. 200 ಲೀಟರ್ ನೀರು ತುಂಬಿಸಿದರೆ 200 ಕಿಲೊ ಸೇರಿತೆಂಬ ಸರಳ ಸತ್ಯ ಹಲವರಿಗೆ ಹೊಳೆಯುವುದಿಲ್ಲ. ಲಾರಿ ತಂಗುದಾಣಗಳಲ್ಲಿ ಪ್ರತಿ ಅಚ್ಚಿನ ಭಾರವನ್ನು ಬೇರೆ ಬೇರೆಯಾಗಿ ತೂಗುವ ತೂಕದ ಕಟ್ಟೆಗಳಿದ್ದು, ಸಾಮಾನು ತುಂಬಿದ ಮೇಲೆ ಅಲ್ಲಿ ಒಮ್ಮೆ ತೂಗಿಸುವುದು ಅಗ್ಗದ ಭದ್ರತೆ. ಸಾಮಾನ್ಯ ಟ್ರೇಲರಿನಲ್ಲಿ ಒಟ್ಟು ತೂಕದ ಶೇ. 10ರಿಂದ 15ರಷ್ಟು ಭಾರ ಕೊಂಡಿಯ ಮೇಲೆ ಬೀಳಬೇಕು. ಹಿಂಬದಿಗೆ ಭಾರ ಹೆಚ್ಚಾದರೆ ಟ್ರೇಲರ್ ಅತ್ತಿತ್ತ ತೊನೆಯತೊಡಗುತ್ತದೆ. ಹಾಗೆ ತೊನೆದಾಗ ಗಾಬರಿಯಿಂದ ಬ್ರೇಕ್ ಒತ್ತುವುದಾಗಲಿ ಸ್ಟೇರಿಂಗ್ ಎಳೆದಾಡುವುದಾಗಲಿ ಅನಾಹುತವನ್ನು ಹೆಚ್ಚಿಸುತ್ತದೆ. ಸ್ಟೇರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಒತ್ತುವ ಸಾಧನವಿದ್ದರೆ ಅದನ್ನು ಹದವಾಗಿ ಬಳಸಬೇಕು.

ಆರ್‌ವಿ ಟೈರುಗಳು ಓಟದಿಂದ ಸವೆಯುವುದಕ್ಕಿಂತ ನಿಂತಲ್ಲೇ ಮುಪ್ಪಾಗುವುದು ಹೆಚ್ಚು. ವರ್ಷದ ಬಹುಕಾಲ ಬಿಸಿಲಿನಲ್ಲಿ ನಿಂತ ವಾಹನದ ಟೈರಿನ ಹೊರಪದರದಲ್ಲಿ ಗೀರು ಚೆನ್ನಾಗಿ ಉಳಿದಿದ್ದರೂ ಒಳಗಿನ ರಬ್ಬರು ಬಿರುಕುಬಿಟ್ಟಿರಬಹುದು. ಟೈರಿನ ಪಕ್ಕದ ಗೋಡೆಯ ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ಅದರ ಜನ್ಮದಿನವನ್ನು ಹೇಳುತ್ತವೆ. 3519 ಎಂದಿದ್ದರೆ 2019ರ 35ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಗಾಳಿಯ ಒತ್ತಡವನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಅಳೆಯಬೇಕು, ಏಕೆಂದರೆ ಕಡಿಮೆ ಒತ್ತಡದ ಟೈರು ಹೆಚ್ಚು ಬಾಗುತ್ತ ಬಿಸಿಯೇರಿ ಸಿಡಿಯುತ್ತದೆ.

ರಸ್ತೆಯ ವಿಷಯಕ್ಕೆ ಬಂದರೆ ಎತ್ತರ, ಉದ್ದ, ಇಳಿಜಾರು, ಗಾಳಿ ಈ ನಾಲ್ಕನ್ನು ಮೊದಲೇ ತಿಳಿದಿರಬೇಕು. ಉತ್ತರ ಕ್ಯಾರೊಲಿನಾದ ಡರ್ಹಮ್ ನಗರದ ಒಂದು ರೈಲು ಸೇತುವೆ 11 ಅಡಿ 8 ಅಂಗುಲದ ಎತ್ತರದಿಂದಾಗಿ ವರ್ಷಗಟ್ಟಲೆ ಲಾರಿ ಮತ್ತು ಆರ್‌ವಿಗಳ ಮಾಡನ್ನು ಸೀಳುತ್ತ ಕುಖ್ಯಾತವಾಯಿತು. 2019ರಲ್ಲಿ ಅದನ್ನು 8 ಅಂಗುಲ ಎತ್ತರಿಸಿದ ಮೇಲೂ ಡಿಕ್ಕಿಗಳು ಪೂರ್ತಿ ನಿಂತಿಲ್ಲ. ಮಾಂಟಾನಾದ ಗ್ಲೇಸಿಯರ್ ಉದ್ಯಾನದ ‘ಗೋಯಿಂಗ್ ಟು ದಿ ಸನ್’ ರಸ್ತೆಯ ಕಡಿದಾದ ಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನಗಳಿಗೆ ಪ್ರವೇಶವಿಲ್ಲ. ಯೂಟಾದ ಜಾಯನ್ ಉದ್ಯಾನದಲ್ಲಿ 1930ರಲ್ಲಿ ಮುಗಿದ ಸುರಂಗದೊಳಗೆ ದೊಡ್ಡ ವಾಹನ ಸಾಗಬೇಕಾದಾಗ ಎದುರಿನ ಸಂಚಾರವನ್ನೇ ತಡೆಯುವ ಪದ್ಧತಿ ಬಹುಕಾಲ ನಡೆದುಬಂದಿತು. ವಾಹನದ ನಿಜವಾದ ಎತ್ತರವನ್ನು, ಮಾಡಿನ ಮೇಲಿನ ಏಸಿಯನ್ನೂ ಸೇರಿಸಿ, ಚಾಲಕನ ಕಣ್ಣಿಗೆ ಬೀಳುವಂತೆ ಬರೆದಂಟಿಸುವುದು ಅನುಭವಿಗಳ ಕ್ರಮ. ದಣಿದ ತಲೆಗೆ ಅಂಕಿ ನೆನಪಾಗುವುದಿಲ್ಲ, ಕಣ್ಣೆದುರಿನ ಚೀಟಿ ಮರೆಯುವುದಿಲ್ಲ. ವಯೋಮಿಂಗಿನ ಇಂಟರ್‌ಸ್ಟೇಟ್ 80ರಲ್ಲಿ ಗಾಳಿ ಬಿರುಸಾದಾಗ ಹಗುರವಾದ ಎತ್ತರದ ವಾಹನಗಳಿಗೆ ರಸ್ತೆಯನ್ನೇ ಮುಚ್ಚುತ್ತಾರೆ. ಮುಚ್ಚುವಷ್ಟು ಬಿರುಸಿಲ್ಲದಿದ್ದರೂ ಅಡ್ಡಗಾಳಿಯೊಡನೆ ಒಂದು ಗಂಟೆ ಸೆಣಸಿದವನು ಎರಡು ಗಂಟೆಯ ದಣಿವನ್ನು ಲೆಕ್ಕಹಾಕಬೇಕು.

ಇಳಿಜಾರಿನ ಪಾಠ ಮಾತ್ರ ಕನ್ನಡ ನಾಡಿನ ಚಾಲಕರಿಗೆ ಹೊಸದಲ್ಲ. ಘಾಟಿ ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಚಾರ್ಮಾಡಿ, ಆಗುಂಬೆಗಳ ಹಳೆಯ ಚಾಲಕರ ನಿಯಮ ಶೇ. 10ರ ಇಳಿಜಾರಿರುವ ವಯೋಮಿಂಗಿನ ಟೀಟನ್ ಕಣಿವೆದಾರಿಗೂ ಅಷ್ಟೇ ಸಲ್ಲುತ್ತದೆ. ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳ ಗೇರಿನಲ್ಲಿ ಎಂಜಿನ್ನೇ ವಾಹನವನ್ನು ತಡೆದು ಹಿಡಿದರೆ ಬ್ರೇಕು ಅಗತ್ಯದ ಗಳಿಗೆಗೆ ಉಳಿಯುತ್ತದೆ.

ಒಳಗಿನ ಅಪಾಯಗಳು ಮತ್ತು ಔಷಧಗಳು

ಓಡುವ ಮನೆಯಲ್ಲಿ ಇರುವವರು ಅದು ಮನೆಯೆಂಬ ಭಾವನೆಯಲ್ಲಿ ಎದ್ದು ಓಡಾಡುವುದು, ಮಂಚದ ಮೇಲೆ ಮಲಗುವುದು, ಒಲೆ ಹೊತ್ತಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪುಗಳು. ಬೆಲ್ಟ್ ಇರುವ ಸೀಟುಗಳಷ್ಟೇ ಜನ ಪ್ರಯಾಣಿಸಬೇಕು. ಟ್ರೇಲರಿನೊಳಗೆ ಜನ ಕೂರುವುದನ್ನು ಅನೇಕ ರಾಜ್ಯಗಳು ನಿಷೇಧಿಸಿವೆ. ಜನರೇಟರಿನ ಹೊಗೆಯಲ್ಲಿ ಹಾಗೂ ಸರಿಯಾಗಿ ಉರಿಯದ ಗ್ಯಾಸಿನಲ್ಲಿ ಇರುವ ಕಾರ್ಬನ್ ಮಾನಾಕ್ಸೈಡ್ ಬಣ್ಣವೂ ವಾಸನೆಯೂ ಇಲ್ಲದ ವಿಷ. ಅದರ ಮೊದಲ ಲಕ್ಷಣಗಳಾದ ತಲೆನೋವು, ಮಂಕು, ತೂಕಡಿಕೆಗಳನ್ನು ಪ್ರಯಾಣದ ದಣಿವೆಂದು ತಪ್ಪು ತಿಳಿಯುವ ಸಂಭವವಿರುವುದರಿಂದ ಅದನ್ನು ಪತ್ತೆಹಚ್ಚುವ ಎಚ್ಚರಿಕೆಯ ಸಾಧನ ಕೆಲಸಮಾಡುತ್ತಿದೆಯೇ ಎಂದು ಪ್ರತಿ ಪ್ರವಾಸಕ್ಕೂ ಮುನ್ನ ಪರೀಕ್ಷಿಸಬೇಕು.

ಆರ್‌ವಿ ಪ್ರವಾಸಿಗರಲ್ಲಿ ಹಿರಿಯರು ಬಹಳ ಮಂದಿ ಇರುವುದರಿಂದ ಔಷಧಗಳ ಮಾತು ಅಗತ್ಯ. ನಿದ್ದೆಗಾಗಿ ಕೊಡುವ ಜೋಲ್ಪಿಡೆಮ್ ಮಾತ್ರೆಯ ಪ್ರಭಾವ ಮರುದಿನ ಬೆಳಿಗ್ಗೆಯೂ ಉಳಿದು ಚಾಲನೆಗೆ ಅಡ್ಡಿಯಾಗುತ್ತದೆಂದು ಕಂಡುಬಂದಾಗ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2013ರಲ್ಲಿ ಮಹಿಳೆಯರಿಗೆ ಶಿಫಾರಸು ಮಾಡುವ ಪ್ರಮಾಣವನ್ನು 10 ಮಿ.ಗ್ರಾಂ.ನಿಂದ 5ಕ್ಕೆ ಇಳಿಸಿತು. ಚೀಟಿಯಿಲ್ಲದೆ ಸಿಗುವ ಶೀತ ಮತ್ತು ಅಲರ್ಜಿಯ ಹಳೆಯ ಮಾತ್ರೆಗಳಲ್ಲಿರುವ ಡೈಫೆನ್‌ಹೈಡ್ರಮಿನ್ ಸಹ ಮಂಪರು ತರುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಕಾಯಿಲೆಯವರು ಎಂಟು ಗಂಟೆ ಮಲಗಿದರೂ ನಿಜವಾದ ವಿಶ್ರಾಂತಿ ಪಡೆದಿರುವುದಿಲ್ಲ; ಅವರು ಮನೆಯಲ್ಲಿ ಬಳಸುವ ಉಸಿರಾಟದ ಯಂತ್ರವನ್ನು ವಾಹನದಲ್ಲಿಯೂ ನಡೆಸಲು ಬೇಕಾದ ವಿದ್ಯುತ್ ವ್ಯವಸ್ಥೆಯನ್ನು ಹೊರಡುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು. ಕುಟುಂಬದಲ್ಲಿ ಇಬ್ಬರಾದರೂ ಈ ವಾಹನ ಓಡಿಸಲು ಕಲಿತಿರಬೇಕು. ಒಬ್ಬರೇ ಬಲ್ಲವರಾಗಿದ್ದರೆ ಅವರ ದಣಿವಿಗೆ ಬದಲಿಯೇ ಇರುವುದಿಲ್ಲ.

ಕರ್ನಾಟಕಕ್ಕೆ ಸಲ್ಲುವ ಪಾಠ

ಭಾರತದಲ್ಲಿ ಆರ್‌ವಿ ಪ್ರವಾಸ ಇನ್ನೂ ಎಳೆಯದು. ಕೇರಳವು 2021ರಲ್ಲಿ ‘ಕೇರವಾನ್’ ಯೋಜನೆಯ ಮೂಲಕ ಕ್ಯಾರವಾನ್ ಪ್ರವಾಸೋದ್ಯಮಕ್ಕೆ ಉತ್ತೇಜನ ಕೊಟ್ಟಿತು. ಆದರೆ ಚಾಲಕನ ಎಚ್ಚರದ ಪ್ರಶ್ನೆ ಇಲ್ಲಿ ವಾಹನದ ಬಗೆಯನ್ನು ಕಾಯುತ್ತ ಕುಳಿತಿಲ್ಲ. ಶುಕ್ರವಾರ ಬೆಳಿಗ್ಗೆ 6ಕ್ಕೆ ಎದ್ದು, ದಿನವಿಡೀ ದುಡಿದು, ರಾತ್ರಿ 10ಕ್ಕೆ ಬೆಂಗಳೂರು ಬಿಟ್ಟು ಕರಾವಳಿಯ ಕಡೆ ಹೊರಟವನು ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿಯುವುದು ನಸುಕಿನ 2–3 ಗಂಟೆಯ ಸುಮಾರಿಗೆ, ಎಂದರೆ ಇಪ್ಪತ್ತು ಗಂಟೆ ನಿದ್ದೆಯಿಲ್ಲದ ಸ್ಥಿತಿಯಲ್ಲಿ, ಒಳಗಡಿಯಾರದ ಅತ್ಯಂತ ಕೆಳಮಟ್ಟದಲ್ಲಿ, ತಿರುವುಗಳ ರಸ್ತೆಯಲ್ಲಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಂಬಳದ ಚಾಲಕರಿಗೆ ದಿನಕ್ಕೆ 8 ಗಂಟೆಯ ಮಿತಿ ಹಾಕಿತ್ತಾದರೂ ತನ್ನ ಕುಟುಂಬವನ್ನು ತಾನೇ ಕರೆದೊಯ್ಯುವವನಿಗೆ ಅಮೆರಿಕದಲ್ಲಿರುವಂತೆ ಇಲ್ಲಿಯೂ ಯಾವ ಮಿತಿಯಿಲ್ಲ. ಆ ಮಿತಿಯನ್ನು ಅವನೇ ಹಾಕಿಕೊಳ್ಳಬೇಕು.

ಲೇನು ತಪ್ಪಿದಾಗ ಎಚ್ಚರಿಸುವ, ಕಣ್ಣಿನ ಚಲನೆ ಗಮನಿಸುವ ಸಾಧನಗಳು ಹೊಸ ವಾಹನಗಳಲ್ಲಿ ಬರುತ್ತಿವೆ. ವಾಹನದ ಅಳತೆ ತಿಳಿದು ದಾರಿ ತೋರುವ ಜಿಪಿಎಸ್‌ಗಳೂ ಇವೆ. ಇವು ಸಹಾಯಕಗಳು, ನಿದ್ದೆಗೆ ನಿದ್ದೆಯ ಹೊರತು ಬೇರೆ ಮದ್ದನ್ನು ವಿಜ್ಞಾನ ಈವರೆಗೆ ಕಂಡುಹಿಡಿದಿಲ್ಲ. ಪ್ರವಾಸಕ್ಕೆ ಹೊರಡುವ ಪ್ರತಿ ಕುಟುಂಬವೂ ಹಿಂದಿನ ರಾತ್ರಿ ಏಳು ಗಂಟೆಯ ನಿದ್ದೆ, ಎರಡು ಗಂಟೆಗೊಮ್ಮೆ ಬಿಡುವು, ಮಧ್ಯಾಹ್ನ ಮೂರಕ್ಕೆ ತಂಗುದಾಣ ಎಂಬ ಮೂರನ್ನು ಗೊತ್ತುಮಾಡಿಕೊಳ್ಳಲಿ. ಚಾಲಕ ಇವುಗಳಲ್ಲಿ ಒಂದನ್ನು ಮೀರಹೊರಟರೂ ತಡೆಯುವ ಅಧಿಕಾರವನ್ನು ಜೊತೆಗಿರುವವರಿಗೆ ಮೊದಲೇ ಒಪ್ಪಿಸಲಿ. ಒಂದು ದಿನ ತಡವಾಗಿ ತಲುಪಿದ ಪ್ರವಾಸದಲ್ಲಿ ಕಳೆದುಕೊಂಡದ್ದು ಒಂದು ದಿನ ಮಾತ್ರ.